ನುಂಗಿ ಬೆಳೆದವರು ಅಗಿಯಲು ಕಲಿಯುವಾಗ

ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆ ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನಾಲಿಗೆಯ ಮೇಲಿಟ್ಟರೆ ಅದು ಜಾರಿಕೊಂಡು ಗಂಟಲು ದಾಟಬೇಕು. ಅಗಿಯಲು ಹೋಗುವ ಮಗುವಿಗೆ 'ಹಲ್ಲಿಗೆ ಮೆತ್ಕೊಳ್ಳುತ್ತೆ, ನುಂಗೋ' ಎಂದು ಮನೆಯ ಹಿರಿಯರೇ ಹೇಳಿಕೊಡುತ್ತಾರೆ. ಹಾಗೆ ನುಂಗಿಯೇ ನಲವತ್ತು, ಐವತ್ತು ವರ್ಷ ಕಳೆದವರೊಬ್ಬರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಿಂದ ಹೊರಡುವಾಗ ಡಯಟಿಷಿಯನ್ ಕೈಗೊಂದು ಹಾಳೆ ಕೊಡುತ್ತಾರೆ. ಪ್ರತಿ ತುತ್ತನ್ನೂ ಇಪ್ಪತ್ತು, ಇಪ್ಪತ್ತೈದು ಸಲ ಅಗಿಯಿರಿ. ಊಟದ ಜೊತೆ ನೀರು ಕುಡಿಯಬೇಡಿ. ಅರ್ಧ ಗಂಟೆ ಕೂತು ನಿಧಾನವಾಗಿ ತಿನ್ನಿ ಎಂದೆಲ್ಲ ಅದರಲ್ಲಿರುತ್ತದೆ. ಹಾಳೆಯಲ್ಲಿ ಬರೆದದ್ದು ಒಂದೂ ತಪ್ಪಲ್ಲ. ಆದರೆ ಆ ಹಾಳೆ ಹೋಗಿ ಸೇರುವ ಅಡುಗೆಮನೆ ಎಂಥದ್ದು, ಅಲ್ಲಿ ಯಾರು ಬಡಿಸುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ ಎಂಬುದನ್ನು ಆಸ್ಪತ್ರೆಯಲ್ಲಿ ಕೇಳುವವರು ಕಡಿಮೆ.

ತೂಕ ಇಳಿಸುವ ಈ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡು ಮಾತು ಸಾಮಾನ್ಯವಾಗಿ ಕಿವಿಗೆ ಬೀಳುತ್ತವೆ. ಹೊಟ್ಟೆ ಕತ್ತರಿಸಿ ಸಣ್ಣಗೆ ಮಾಡಿದ ಮೇಲೆ ಇನ್ನೇನು, ತಿನ್ನೋಕೇ ಆಗಲ್ಲ, ತೂಕ ತಾನಾಗಿ ಇಳಿಯುತ್ತೆ ಎನ್ನುವುದು ಒಂದು. ಅಷ್ಟು ದುಡ್ಡು ಸುರಿದರೂ ಮತ್ತೆ ದಪ್ಪ ಆದರಂತೆ, ಬಾಯಿ ಕಟ್ಟಲಿಲ್ಲ ಎನ್ನುವುದು ಇನ್ನೊಂದು. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ನೋಯುವವರನ್ನು ಹತ್ತಿರದಿಂದ ಕಂಡಿದ್ದೇನೆ. ಆಪರೇಷನ್ ಮಾಡಿಸಿಕೊಂಡವರಿಗೆ ಬೇಕಾದದ್ದು ಉಪದೇಶಕ್ಕಿಂತ ಹೆಚ್ಚಾಗಿ ಅವರ ಹೊಸ ಹೊಟ್ಟೆಗೆ ಹೊಂದುವ ಒಂದು ಊಟದ ಕ್ರಮ, ಮತ್ತು ಅದಕ್ಕೆ ಜಾಗ ಮಾಡಿಕೊಡುವ ಮನೆ.

ಮೊದಲು ಹೊಟ್ಟೆಯೊಳಗೆ ಆಗುವುದೇನು ಎಂದು ನೋಡೋಣ. ಈಗ ಹೆಚ್ಚು ಬಳಕೆಯಲ್ಲಿರುವುದು ಎರಡು ಬಗೆ. 'ಸ್ಲೀವ್' ಎಂದು ಕರೆಯುವುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಸುಮಾರು 100ರಿಂದ 150 ಮಿಲಿಲೀಟರ್ ಹಿಡಿಯುವ ಸಪೂರ ಕೊಳವೆ, ಅಂದರೆ ಹೋಟೆಲಿನ ಒಂದು ಕಾಫಿ ಲೋಟ. 'ಗ್ಯಾಸ್ಟ್ರಿಕ್ ಬೈಪಾಸ್'ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ತಂದು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ತಿಂದದ್ದು ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಈ ಬೈಪಾಸ್ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲಿ ಶುರುಮಾಡಿದ್ದು. ಹುಣ್ಣಿನ ಕಾಯಿಲೆಗೆಂದು ಜಠರದ ಭಾಗ ತೆಗೆಸಿಕೊಂಡ ರೋಗಿಗಳು ತೂಕ ಕಳೆದುಕೊಳ್ಳುವುದನ್ನು ನೋಡಿ ಅವರಿಗೆ ಈ ದಾರಿ ಹೊಳೆಯಿತು.

ಜಾಗ ಕಡಿಮೆಯಾದದ್ದರಿಂದಲೇ ತೂಕ ಇಳಿಯುತ್ತದೆ ಎಂದು ವೈದ್ಯರೂ ಬಹಳ ಕಾಲ ನಂಬಿದ್ದರು. ಆದರೆ 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ಇಬ್ಬರು ವಿಜ್ಞಾನಿಗಳು ಘ್ರೆಲಿನ್ ಎಂಬ ಹಾರ್ಮೋನನ್ನು ಪತ್ತೆಮಾಡಿದರು. ಹಸಿವಾಗಿದೆ, ಊಟ ಹುಡುಕು ಎಂದು ಮಿದುಳಿಗೆ ಹೇಳಿ ಕಳಿಸುವುದು ಅದೇ. ಅದು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದ ಉಬ್ಬಿನಲ್ಲಿ, ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗ ಅದೇ. ಇನ್ನೊಂದು ಕಡೆ, ಆಹಾರ ಬೇಗ ಕರುಳಿನ ಕೆಳಭಾಗ ತಲುಪುವುದರಿಂದ 'ಸಾಕು' ಎಂದು ಹೇಳುವ ಜಿಎಲ್‌ಪಿ-1ನಂಥ ಹಾರ್ಮೋನುಗಳು ಏರುತ್ತವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ತೂಕ ಇಳಿಯುವ ಮೊದಲೇ, ಎಷ್ಟೋ ಸಲ ಕೆಲವೇ ದಿನಗಳಲ್ಲಿ, ರಕ್ತದ ಸಕ್ಕರೆ ತಗ್ಗುವುದಕ್ಕೂ ಇದೇ ಒಂದು ಕಾರಣ. ಹಾಗಾಗಿ ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವುದು ಅಪಾಯ. ಡೋಸನ್ನು ವೈದ್ಯರೇ ಹೊಸದಾಗಿ ನಿಗದಿಮಾಡಬೇಕು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ದಪ್ಪಗಿರುವವರು ಬದುಕಿಡೀ ಕೇಳಿರುವುದು 'ಕಡಿಮೆ ತಿನ್ನು' ಎಂಬ ಒಂದೇ ಮಾತು. ಕಡಿಮೆ ತಿಂದಾಗ ದೇಹ ಹೇಗೆ ತಿರುಗಿ ಬೀಳುತ್ತದೆ ಎಂಬುದನ್ನು ಎರಡನೇ ಮಹಾಯುದ್ಧದ ಹೊತ್ತಿನಲ್ಲೇ, 1944–45ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ತೋರಿಸಿದ್ದರು. 36 ಮಂದಿ ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರ ಮೈ ತಣ್ಣಗಾಯಿತು, ಶಕ್ತಿ ಖರ್ಚಾಗುವುದು ತಗ್ಗಿತು, ಹಗಲಿರುಳು ಊಟದ್ದೇ ಯೋಚನೆ, ಊಟದ್ದೇ ಕನಸು. ತೂಕ ಇಳಿಸಲು ಹೊರಟ ಪ್ರತಿಯೊಬ್ಬರೂ ಇದರ ಒಂದಿಷ್ಟು ಪಾಲನ್ನು ಅನುಭವಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಒಂದು, ಒಂದೂವರೆ ವರ್ಷ ಆ ಹಸಿವಿನ ಕಾಟ ಬಹುಮಟ್ಟಿಗೆ ಸುಮ್ಮನಿರುತ್ತದೆ. ಊಟದ ಹೊಸ ಕ್ರಮವನ್ನು ಕೈಗೂಡಿಸಿಕೊಳ್ಳಬೇಕಾದದ್ದು ಆ ಅವಧಿಯಲ್ಲಿ. ಹಸಿವು ಮರಳುವ ಹೊತ್ತಿಗೆ ಅಭ್ಯಾಸ ಗಟ್ಟಿಯಾಗಿರಬೇಕು.

ಮೊದಲ ವಾರಗಳು ದ್ರವದ್ದು. ಒಂದೆರಡು ದಿನ ನೀರು, ತಿಳಿ ದ್ರವ. ಆಮೇಲೆ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ನುಣ್ಣಗೆ ಕಡೆದ ಬೇಳೆ. ಅದರ ನಂತರ ನುರಿದ ಮೆದು ಆಹಾರ. ಆರರಿಂದ ಎಂಟು ವಾರದ ಹೊತ್ತಿಗೆ ಮಾಮೂಲಿ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಲೆಕ್ಕ ಸ್ವಲ್ಪ ಬೇರೆ. ನಮ್ಮ ಅಡುಗೆ ಈ ಹಂತಕ್ಕೆ ಸೊಗಸಾಗಿ ಹೊಂದುತ್ತದೆ. ಖಾರ ತಗ್ಗಿಸಿದ ತಿಳಿಸಾರು, ಶೋಧಿಸಿದ ಹೆಸರುಬೇಳೆ ಕಟ್ಟು, ಬೆಣ್ಣೆ ತೆಗೆದ ಮಜ್ಜಿಗೆ, ಹಾಲು ಬೆರೆಸಿದ ತೆಳು ರಾಗಿ ಅಂಬಲಿ ಇವೆಲ್ಲ ಇರುವಾಗ ಡಬ್ಬದ ಸೂಪು ಹುಡುಕಬೇಕಿಲ್ಲ. ಹೊಲಿಗೆ ಹಾಕಿದ ಜಾಗ ಕೂಡಿಕೊಳ್ಳಬೇಕಾದ ಕಾಲ ಇದು, ಆದ್ದರಿಂದ 'ಒಂದು ಇಡ್ಲಿ ತಿಂದರೆ ಏನಾಗುತ್ತೆ' ಎಂಬ ಪ್ರೀತಿಯ ಒತ್ತಾಯಕ್ಕೆ ಮಣಿಯಲೇಬಾರದು.

ಇಲ್ಲಿ ಕಷ್ಟವಾಗುವುದು ನೀರು. ಚೊಂಬು ಎತ್ತಿ ಗಟಗಟ ಕುಡಿದು ಅಭ್ಯಾಸವಿರುವ ನಮಗೆ ಗುಟುಕು ಗುಟುಕಾಗಿ ಕುಡಿಯುವುದೆಂದರೆ ಶಿಕ್ಷೆ. ಆದರೂ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಒಳಗೆ ಹೋಗಲೇಬೇಕು. ಆಪರೇಷನ್ ಆದ ಮೊದಲ ತಿಂಗಳು ಮತ್ತೆ ಆಸ್ಪತ್ರೆ ಸೇರುವವರಲ್ಲಿ ಅನೇಕರು ಸೇರುವುದು ನೀರು ಸಾಲದೆ, ತಲೆ ಸುತ್ತಿ, ನಿತ್ರಾಣವಾಗಿ. ಬಾಟಲಿ ಪಕ್ಕದಲ್ಲೇ ಇರಲಿ. ಐದೈದು ನಿಮಿಷಕ್ಕೊಂದು ಗುಟುಕು, ಇಡೀ ದಿನ. ಘನ ಆಹಾರ ಶುರುವಾದ ಮೇಲೆ ಮಾತ್ರ ಊಟದ ಜೊತೆ ನೀರು ಬೇಡ. ಊಟ ಮುಗಿದು ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ತುಂಬಿದ ಪುಟ್ಟ ಹೊಟ್ಟೆಗೆ ನೀರು ಸುರಿದರೆ ಒಂದೋ ವಾಂತಿ, ಇಲ್ಲವೇ ತಿಂದದ್ದು ಬೇಗ ಕೆಳಗಿಳಿದು ಮತ್ತೆ ಹಸಿವು.

ಇನ್ನು ಪ್ರೋಟೀನಿನ ವಿಷಯ. ಕನ್ನಡ ನಾಡಿನ ಊಟದಲ್ಲಿ ನಿಜವಾದ ತೊಡಕು ಇರುವುದು ಇಲ್ಲೇ ಎಂದು ನನಗೆ ತೋರುತ್ತದೆ. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಸಾಲದಿದ್ದರೆ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ, ಕೈಕಾಲು ಸೋಲುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ಸಣ್ಣ ಬಟ್ಟಲು ಗಟ್ಟಿ ತೊವ್ವೆಯಲ್ಲಿ 6ರಿಂದ 7, ಐವತ್ತು ಗ್ರಾಂ ಪನೀರಿನಲ್ಲಿ 9, ಅಷ್ಟೇ ಬೆಂದ ಕೋಳಿ ಮಾಂಸದಲ್ಲಿ 13ರ ಆಸುಪಾಸು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 7 ಗ್ರಾಂ ಇದೆ, ನಿಜ. ಆದರೆ ನೂರು ಗ್ರಾಂ ಹಿಟ್ಟಿನ ಮುದ್ದೆ ಈ ಹೊಟ್ಟೆಗೆ ಹಿಡಿಸುವುದೇ ಇಲ್ಲ. ನಮ್ಮ ತಟ್ಟೆಯಲ್ಲಿ ಮುಕ್ಕಾಲು ಜಾಗ ಅನ್ನ, ಮುದ್ದೆ, ರೊಟ್ಟಿಯದ್ದು. ಕಾಳು, ಪಲ್ಯ ಪಕ್ಕದಲ್ಲಿ ನಂಜಿಕೊಳ್ಳುವುದಕ್ಕೆ. ಕಾಫಿ ಲೋಟದಷ್ಟು ಹೊಟ್ಟೆಗೆ ಮೊದಲು ಅನ್ನ ಇಳಿಸಿದರೆ ಕಾಳಿಗೆ ಜಾಗ ಉಳಿಯುವುದಿಲ್ಲ.

ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ನೀರು ಬಸಿದು, ಆ ಕಟ್ಟಿಗೆ ಖಾರ ಅರೆದು ಹಾಕಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಹಸಿವಿಗೆ ಮುದ್ದೆ, ರುಚಿಗೆ ಸಾರು, ಪಲ್ಯ ಇದ್ದರೆ ಇರಲಿ ಎಂಬುದು ರೂಢಿ. ಪ್ರೋಟೀನ್ ಬಹುಪಾಲು ಕೂತಿರುವುದು ಆ ಪಲ್ಯದಲ್ಲಿ. ಆಪರೇಷನ್ ಆದವರು ಬಸ್ಸಾರಿನ ದಿನ ಮೊದಲು ಒಂದು ಬಟ್ಟಲು ಹುರುಳಿಕಾಳು ಅಥವಾ ಅಲಸಂದೆ ಪಲ್ಯ ಚೆನ್ನಾಗಿ ಅಗಿದು ತಿಂದು, ಆಮೇಲೆ, ಮೊದಲ ಕೆಲವು ತಿಂಗಳು ಕಳೆದಿದ್ದು ಜಾಗವೂ ಇದ್ದರೆ, ನಿಂಬೆಹಣ್ಣಿನಷ್ಟು ಮುದ್ದೆಗೆ ಕೈ ಹಾಕಬೇಕು. ಒಂದೇ ಒಲೆ, ಒಂದೇ ಅಡುಗೆ. ತಿನ್ನುವ ಸರದಿ ಮಾತ್ರ ಬೇರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಡಕೆಕಾಳು ಪಲ್ಯ, ಝುಣಕ ಮೊದಲಾಗಲಿ, ರೊಟ್ಟಿ ಆಮೇಲೆ. ಖಡಕ್ ರೊಟ್ಟಿ ಅಗಿಯದೆ ಇಳಿಯುವುದಿಲ್ಲವಾದ್ದರಿಂದ ಮೆತ್ತನೆಯ ಚಪಾತಿಗಿಂತ, ಬ್ರೆಡ್ಡಿಗಿಂತ ಎಷ್ಟೋ ವಾಸಿ. ಆ ಎರಡೂ ಒಳಗೆ ಹೋಗಿ ಹಿಟ್ಟಿನ ಉಂಡೆಯಾಗಿ ಸಿಕ್ಕಿಕೊಳ್ಳುತ್ತವೆ. ಕರಾವಳಿಯವರಿಗೆ ಮೀನಿದೆ. ಕುರಿ ಮಾಂಸದ ನಾರು ತಿಂಗಳುಗಟ್ಟಲೆ ತೊಂದರೆ ಕೊಡುವಾಗ ಮುಳ್ಳು ಬಿಡಿಸಿದ ಕಾಣೆಯಂಥ ಮೆದು ಮೀನು ಸುಲಭವಾಗಿ ಹಿಡಿಸುತ್ತದೆ. ಮೊಟ್ಟೆಯನ್ನೂ ಮುಟ್ಟದ ಮನೆಗಳಲ್ಲಿ ಹಾಲು, ಗಟ್ಟಿ ಮೊಸರು, ಪನೀರು, ಸೋಯಾ, ಬೇಳೆ ಎಲ್ಲ ಸೇರಿದರೂ ಮೊದಲ ತಿಂಗಳುಗಳಲ್ಲಿ ಲೆಕ್ಕ ತುಂಬುವುದು ಕಷ್ಟ. ಆಗ ಪ್ರೋಟೀನ್ ಪೌಡರ್ ಬೇಕೇ ಬೇಕು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಮುದ್ದೆ ಬಿಡಬೇಕೇ ಎಂದು ಹಳೇ ಮೈಸೂರಿನ ಪ್ರತಿಯೊಬ್ಬರೂ ಕೇಳುತ್ತಾರೆ. ಎಂದೆಂದಿಗೂ ಬಿಡಬೇಕಿಲ್ಲ. ಆದರೆ ಮೊದಲ ಕೆಲವು ತಿಂಗಳು ಅದನ್ನು ನುಂಗುವಂತಿಲ್ಲ, ಅಗಿದರೆ ಅದು ಮುದ್ದೆಯೂ ಆಗುವುದಿಲ್ಲ. ಸಪೂರ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡ ತುತ್ತು ಎದೆಯ ನಡುವೆ ಬಿಗಿಯುತ್ತದೆ, ಬಾಯಿ ತುಂಬ ಜೊಲ್ಲು ಬರುತ್ತದೆ, ಕೊನೆಗೆ ಹೊರಗೆ ಬಂದರೇ ಸಮಾಧಾನ. ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಆ ತಿಂಗಳುಗಳು ಕಳೆಯುವವರೆಗೆ ರಾಗಿಯನ್ನು ಅಂಬಲಿಯಾಗಿ, ಆಮೇಲೆ ತೆಳುವಾದ ರೊಟ್ಟಿಯಾಗಿ ತಿನ್ನಬಹುದು. ಕ್ಯಾಲ್ಸಿಯಂ ತುಂಬಿದ ಧಾನ್ಯ ಅದು, ಮನೆಯಿಂದ ಹೊರಗೆ ಹಾಕುವುದು ಬೇಡ.

ಹೊಟ್ಟೆ ತುಂಬಿತು ಎಂಬ ಸೂಚನೆಯೂ ಆಪರೇಷನ್ ನಂತರ ಬೇರೆ ರೂಪದಲ್ಲಿ ಬರುತ್ತದೆ. ಮೊದಲಿನ ಹಾಗೆ ಹೊಟ್ಟೆ ಭಾರವಾಗುವವರೆಗೆ ಕಾಯುವಂತಿಲ್ಲ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಮೂಗಿನಲ್ಲಿ ನೀರು, ಎದೆಯ ಕೆಳಗೊಂದು ಸಣ್ಣ ಒತ್ತಡ. ಆ ಘಳಿಗೆಯಲ್ಲಿ ಕೈ ನಿಲ್ಲಬೇಕು. ಇನ್ನೊಂದೇ ತುತ್ತು ಎಂದರೆ ನೋವು. ನಮ್ಮಲ್ಲಿ ಎಲೆಯ ಮೇಲೆ ಅನ್ನ ಬಿಡಬಾರದು ಎಂದು ಕಲಿಸಿದ್ದಾರೆ. ಅನ್ನಕ್ಕೆ ತೋರುವ ಆ ಗೌರವ ದೊಡ್ಡದು. ಅದನ್ನು ಉಳಿಸಿಕೊಳ್ಳುವ ದಾರಿ ಎಂದರೆ ಬಡಿಸಿಕೊಳ್ಳುವುದನ್ನೇ ಕಡಿಮೆ ಮಾಡುವುದು: ಮಕ್ಕಳ ತಟ್ಟೆ, ಸಣ್ಣ ಚಮಚ, ಒಂದು ಸಲಕ್ಕೆ ಎರಡು ಚಮಚ ಪಲ್ಯ. ಬೇಕಾದರೆ ಮತ್ತೆ ಹಾಕಿಕೊಂಡರಾಯಿತು. ಟಿವಿ ನೋಡುತ್ತ, ಮೊಬೈಲು ಒತ್ತುತ್ತ ಉಂಡರೆ ಬಿಕ್ಕಳಿಕೆಯ ಸೂಚನೆ ಗಮನಕ್ಕೇ ಬರುವುದಿಲ್ಲ.

ಮನೆಯ ಹೆಣ್ಣುಮಕ್ಕಳ ಬಗ್ಗೆ ಇಲ್ಲಿ ಒತ್ತಿ ಹೇಳಬೇಕು. ನಮ್ಮ ಬಂಧುಗಳ ಮನೆಯೊಂದರಲ್ಲಿ ನಾನು ನೋಡಿದ್ದು ಇದನ್ನೇ. ಆಪರೇಷನ್ ಆಗಿ ಮೂರು ತಿಂಗಳಾದ ಆಕೆ ಬೆಳಿಗ್ಗೆ ಎಲ್ಲರಿಗೂ ದೋಸೆ ಹುಯ್ದು, ಡಬ್ಬಿ ಕಟ್ಟಿ ಕಳಿಸಿ, ಹನ್ನೊಂದು ಗಂಟೆಗೆ ನಿಂತುಕೊಂಡೇ ಮಗ ಬಿಟ್ಟ ಅರ್ಧ ದೋಸೆ ತಿನ್ನುತ್ತಿದ್ದರು. ಮಧ್ಯಾಹ್ನ ಎಲ್ಲರ ಊಟ ಮುಗಿಯುವಾಗ ಪಲ್ಯದ ಪಾತ್ರೆ ಖಾಲಿ. ಉಳಿದದ್ದು ಅನ್ನ, ತಳದ ಸಾರು. 'ಅಕ್ಕಾ, ನಿಮ್ಮ ಪಾಲಿನ ಕಾಳು ಎಲ್ಲಿ?' ಎಂದು ಕೇಳಿದರೆ 'ಅಯ್ಯೋ, ಅವರಿಗೇ ಸಾಲಲಿಲ್ಲ, ನನಗೆಷ್ಟು ಬೇಕು ಹೇಳು' ಎಂದರು. ಕೂದಲು ಉದುರುತ್ತಿತ್ತು, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ತೂಕ ಇಳಿಯುತ್ತಿದೆಯಲ್ಲ ಎಂದು ಮನೆಯವರೆಲ್ಲ ಸಂತೋಷವಾಗಿದ್ದರು. ಕಡಿಮೆ ತಿನ್ನುವವರ ಊಟವೇ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಎತ್ತಿಡಬೇಕಾದ ಊಟ ಎಂಬುದನ್ನು ಆಸ್ಪತ್ರೆಯವರು ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳಬೇಕು. ಒಗ್ಗರಣೆ ಬಿದ್ದ ಕೂಡಲೇ ಒಂದು ಬಟ್ಟಲು ಕಾಳು ಅವರ ಹೆಸರಿನಲ್ಲಿ ಪಕ್ಕಕ್ಕಿಡುವುದು ಮನೆಯ ಎಲ್ಲರ ಕೆಲಸ.

ಮೂರನೇ ವಾರದ ಹೊತ್ತಿಗೆ ಹೆಚ್ಚಿನವರಿಗೆ ಒಂದು ಗಾಬರಿ ಕಾದಿರುತ್ತದೆ. ಸರಸರ ಇಳಿಯುತ್ತಿದ್ದ ತೂಕ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಆಪರೇಷನ್ ಫೇಲಾಯಿತು ಎಂದು ಅಳುವವರಿದ್ದಾರೆ. ಮೊದಲ ದಿನಗಳಲ್ಲಿ ಇಳಿದದ್ದರಲ್ಲಿ ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಮತ್ತು ಅದಕ್ಕೆ ಅಂಟಿಕೊಂಡ ನೀರಿನ ಪಾಲು ದೊಡ್ಡದು. ದೇಹ ನೀರನ್ನು ಮತ್ತೆ ಹೊಂದಿಸಿಕೊಳ್ಳುವಾಗ ತೂಕದ ಮುಳ್ಳು ಕದಲುವುದಿಲ್ಲ, ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ. ದಿನಕ್ಕೆರಡು ಸಲ ತೂಕದ ಯಂತ್ರ ಹತ್ತುವ ಚಪಲ ಬಿಟ್ಟು ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ನೋಡಿಕೊಂಡರೆ ಸಾಕು. ಕೂದಲು ಉದುರುವುದು ಮೂರರಿಂದ ಆರು ತಿಂಗಳ ನಡುವೆ. ಪ್ರೋಟೀನ್, ಕಬ್ಬಿಣ ಸರಿಯಾಗಿದ್ದರೆ ಮತ್ತೆ ಬರುತ್ತದೆ. ಸ್ಲೀವ್ ಆದವರು ಒಂದು, ಒಂದೂವರೆ ವರ್ಷದಲ್ಲಿ ತಮ್ಮ ಒಟ್ಟು ತೂಕದ ನಾಲ್ಕನೇ ಒಂದು ಭಾಗ ಅಥವಾ ಸ್ವಲ್ಪ ಹೆಚ್ಚು ಕಳೆದುಕೊಳ್ಳುತ್ತಾರೆ, ಬೈಪಾಸ್‌ನಲ್ಲಿ ಇನ್ನೂ ಒಂದಿಷ್ಟು. ಅಂದರೆ 110 ಕಿಲೋ ಇದ್ದವರು 80ರ ಆಸುಪಾಸಿಗೆ ಬರಬಹುದು. 55 ಆಗುತ್ತೇನೆ ಎಂದುಕೊಂಡು ಹೋದವರಿಗೆ ಆ 80 ಸೋಲಿನಂತೆ ಕಾಣುತ್ತದೆ. ಬಿಪಿ ಮಾತ್ರೆ ನಿಂತದ್ದು, ಮಂಡಿನೋವು ತಗ್ಗಿದ್ದು, ರಾತ್ರಿ ಉಸಿರು ಕಟ್ಟದೆ ನಿದ್ದೆ ಬಂದದ್ದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ಇದು ತುಂಬ ಬೇಸರ ತರುವ ಸಂಗತಿ.

ಸಿಹಿಯ ಮಾತಿಗೆ ಬಂದರೆ, ಹಬ್ಬಗಳ ನಾಡಿನಲ್ಲಿ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಬೈಪಾಸ್ ಆದವರು ಪಾಯಸ, ಹೋಳಿಗೆ ತಿಂದರೆ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿದಂತಾಗಿ ಭೇದಿ. ಇದನ್ನು ಡಂಪಿಂಗ್ ಎನ್ನುತ್ತಾರೆ. ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿದು ನೀರನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಇನ್ನೊಂದು ಬಗೆ ತಿಂದು ಒಂದರಿಂದ ಮೂರು ಗಂಟೆ ಕಳೆದ ಮೇಲೆ ಬರುತ್ತದೆ. ಏರಿದ ಇನ್ಸುಲಿನ್ ರಕ್ತದ ಸಕ್ಕರೆಯನ್ನು ತೀರಾ ಕೆಳಗಿಳಿಸಿ ಕೈ ನಡುಕ, ಕಣ್ಣು ಕತ್ತಲೆ. ಆಗ ಬಾಯಿಗೆ ಸಕ್ಕರೆ ಹಾಕಿಕೊಳ್ಳಲೇಬೇಕಾಗುತ್ತದೆ, ಆದರೆ ಅಷ್ಟಕ್ಕೇ ಬಿಟ್ಟರೆ ಅದೇ ಚಕ್ರ ಮತ್ತೆ ಸುತ್ತುತ್ತದೆ. ಹಿಂದೆಯೇ ಕಾಳು, ಹಾಲು, ಮೊಟ್ಟೆಯಂಥದ್ದೇನಾದರೂ ತಿನ್ನಬೇಕು, ವೈದ್ಯರಿಗೂ ತಿಳಿಸಬೇಕು. ಸ್ಲೀವ್ ಆದವರಲ್ಲಿ ಡಂಪಿಂಗ್ ಕಡಿಮೆ. ಅದು ಅನುಕೂಲ ಎನಿಸಿದರೂ ಹೋಳಿಗೆ ಸಲೀಸಾಗಿ ಒಳಗಿಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ತೂಕ ಮರಳುವುದು ಹಬ್ಬದ ಊಟದಿಂದ ಎಂದು ಅನೇಕರು ಭಾವಿಸುತ್ತಾರೆ. ನಾನು ಕಂಡಂತೆ ಅದು ಮರಳುವುದು ಸಂಜೆ ನಾಲ್ಕರ ಕಾಫಿಯ ಜೊತೆ. ಪುಟ್ಟ ಹೊಟ್ಟೆ ತಡೆಯುವುದು ಕಾಳನ್ನು, ಮಾಂಸವನ್ನು, ತರಕಾರಿಯನ್ನು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಖಾರ ಮಿಕ್ಸ್ಚರ್, ಐಸ್‌ಕ್ರೀಂ, ರಸ್ಕು ಬಾಯಲ್ಲೇ ಕರಗಿ ತಡೆಯಿಲ್ಲದೆ ಇಳಿದುಬಿಡುತ್ತವೆ. ನಾಲ್ಕು ಬಿಸ್ಕತ್ತೆಂದರೆ ಸುಮಾರು 100 ಕ್ಯಾಲೊರಿ, ಒಂದು ಹಿಡಿ ಮಿಕ್ಸ್ಚರ್ 150ರ ಹತ್ತಿರ, ಎರಡು ಸಲ ಸಕ್ಕರೆ ಕಾಫಿ. ಊಟಕ್ಕೆ ಕೂತಾಗ ಮೂರು ಚಮಚಕ್ಕೇ ಸಾಕಾಗುವವರು ದಿನವಿಡೀ ಹೀಗೆ ಕೈಯಾಡಿಸುತ್ತ ಒಂದು ಪೂರ್ತಿ ಊಟದಷ್ಟು ತಿಂದಿರುತ್ತಾರೆ, 'ನಾನು ಏನೂ ತಿನ್ನಲ್ಲ' ಎನ್ನುವಾಗ ಸುಳ್ಳು ಹೇಳುತ್ತಲೂ ಇರುವುದಿಲ್ಲ. ದಿನಕ್ಕೆ ಮೂರು ಊಟ, ನಡುವೆ ಒಂದೆರಡು ನಿಗದಿಯಾದ ಪ್ರೋಟೀನಿನ ತಿಂಡಿ, ಉಳಿದ ಹೊತ್ತು ನೀರು ಎಂಬ ಕಟ್ಟುನಿಟ್ಟು ಬೇಕಾಗುವುದು ಅದಕ್ಕಾಗಿ. ಬೇಸರವಾದಾಗ, ಒಬ್ಬರೇ ಇದ್ದಾಗ ತಿನ್ನುವ ಅಭ್ಯಾಸವಿದ್ದವರಿಗೆ ಆಪರೇಷನ್ ಆ ಬೇಸರವನ್ನು ತೆಗೆದುಹಾಕುವುದಿಲ್ಲ. ಮನಸ್ಸಿನ ವೈದ್ಯರ ನೆರವನ್ನು ಆಪರೇಷನ್ನಿಗೆ ಮೊದಲೂ ಆಮೇಲೂ ಕೇಳಬೇಕು. ಕುಡಿತದ ಬಗ್ಗೆ ಇನ್ನೂ ಎಚ್ಚರ ಬೇಕು. ಬೈಪಾಸ್ ಆದವರಿಗೆ ಮದ್ಯ ಬೇಗ ರಕ್ತ ಸೇರಿ ಬೇಗ ತಲೆಗೇರುತ್ತದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಆಪರೇಷನ್ ಆದ ಎರಡನೇ ವರ್ಷದಲ್ಲಿ ಕುಡಿತದ ಸಮಸ್ಯೆ ಹೆಚ್ಚುವುದನ್ನು ಗುರುತಿಸಿತು.

ಇಷ್ಟೆಲ್ಲ ಎಚ್ಚರವಹಿಸಿದರೂ ಸ್ವಲ್ಪ ತೂಕ ಮರಳುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ ಸಾವಿರಾರು ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32ರಷ್ಟು ತೂಕ ಇಳಿಸಿದ್ದರು. ಹತ್ತು ವರ್ಷದ ಹೊತ್ತಿಗೆ ಅದು ಶೇ 25ಕ್ಕೆ ಬಂದು ನಿಂತಿತು. ಅದೇ ಅಧ್ಯಯನ ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂಬುದನ್ನೂ ತೋರಿಸಿತು. ಹೀಗಾಗಿ ಐದಾರು ಕಿಲೋ ಮರಳಿದ ಕೂಡಲೇ ನಾಚಿಕೊಂಡು ಫಾಲೋಅಪ್ ತಪ್ಪಿಸುವುದು ಬಹಳ ದೊಡ್ಡ ನಷ್ಟ. ನಮ್ಮಲ್ಲಿ ಇದು ಆಗಾಗ ನಡೆಯುತ್ತದೆ: ಬೈಸಿಕೊಳ್ಳಬೇಕಾಗುತ್ತದೆ ಎಂಬ ಭಯಕ್ಕೆ ಜನ ವೈದ್ಯರ ಮುಖವನ್ನೇ ನೋಡುವುದಿಲ್ಲ, ಆ ಐದು ಕಿಲೋ ಇಪ್ಪತ್ತಾಗುವವರೆಗೆ. ಬೇಗ ಹೋದರೆ ಊಟದ ಲೆಕ್ಕ ಸರಿಮಾಡಬಹುದು, ಹೊಟ್ಟೆಯ ಕೊಳವೆ ಹಿಗ್ಗಿದೆಯೇ ನೋಡಬಹುದು. 2025ರಿಂದ ನಮ್ಮ ದೇಶದಲ್ಲೂ ತೂಕ ಇಳಿಸಲೆಂದು ಸಿಗುತ್ತಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಚುಚ್ಚುಮದ್ದುಗಳನ್ನು ಮರಳಿದ ತೂಕಕ್ಕೆ ಬಳಸುವ ವೈದ್ಯರೂ ಇದ್ದಾರೆ. ಬಿಪಿ ಏರಿದರೆ ಮಾತ್ರೆ ಬದಲಿಸಿಕೊಳ್ಳಲು ಯಾರೂ ನಾಚುವುದಿಲ್ಲ, ತೂಕಕ್ಕೇಕೆ ನಾಚಬೇಕು?

ಮಾತ್ರೆಗಳು ಜೀವನಪರ್ಯಂತ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್, ಎಲ್ಲ ವಿಟಮಿನ್ನುಗಳಿರುವ ಒಂದು ಮಾತ್ರೆ. ಆರೋಗ್ಯವಾಗಿದ್ದೇನಲ್ಲ ಎಂದು ಮೂರನೇ ವರ್ಷಕ್ಕೆ ನಿಲ್ಲಿಸುವವರು ಬಹಳ. ಬಿ12 ಕೊರತೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಪಾದ ಜುಮ್ಮೆನ್ನುವಾಗ ತಿಳಿಯುತ್ತದೆ. ಕ್ಯಾಲ್ಸಿಯಂ ಮಾತ್ರೆಯಲ್ಲಿ 'ಸಿಟ್ರೇಟ್' ಇರಲಿ, ಅದಕ್ಕೆ ಜಠರದ ಆಮ್ಲ ಬೇಕಿಲ್ಲ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆಯ ಅಂತರ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಕಾಫಿ, ಟೀ ಕುಡಿದರೆ ಅದು ಮೈಗೆ ಹತ್ತುವುದಿಲ್ಲ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಪಿಸಿಓಡಿಯಿಂದ ಮುಟ್ಟು ತಪ್ಪುತ್ತಿದ್ದವರಿಗೆ ತೂಕ ಇಳಿದ ಹಾಗೆ ಗರ್ಭ ನಿಲ್ಲುವ ಸಾಧ್ಯತೆ ಏರುತ್ತದೆ. ಆದರೆ ಮೊದಲ 12ರಿಂದ 18 ತಿಂಗಳು ಬಸಿರು ಬೇಡ ಎನ್ನುತ್ತಾರೆ ವೈದ್ಯರು, ಮಗುವಿಗೆ ಪೋಷಣೆ ಸಾಲದು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೊಳ್ಳದೆ ಹೋಗಬಹುದು, ಬೇರೆ ವಿಧಾನ ಕೇಳಿಕೊಳ್ಳಬೇಕು.

ಕೊನೆಯದಾಗಿ, ಬೆಂಗಳೂರಲ್ಲೋ ಮಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಆಪರೇಷನ್ ಮಾಡಿಸಿಕೊಂಡು ತಾಲ್ಲೂಕು ಕೇಂದ್ರಕ್ಕೆ, ಹಳ್ಳಿಗೆ ಮರಳುವವರ ವಿಷಯ. ಹೊಟ್ಟೆನೋವೆಂದು ರಾತ್ರಿ ಹತ್ತಿರದ ನರ್ಸಿಂಗ್ ಹೋಂಗೆ ಹೋದಾಗ ಮನೆಯವರು 'ಬೈಪಾಸ್ ಆಗಿದೆ' ಎಂದರೆ ಅಲ್ಲಿಯವರು ಹೃದಯದ್ದೆಂದು ತಿಳಿದಾರು. ಒಂದು ರಟ್ಟಿನ ತುಂಡಿನ ಮೇಲೆ ಆಪರೇಷನ್ನಿನ ಬಗೆ, ತಾರೀಖು, ಸರ್ಜನ್ ಫೋನ್ ನಂಬರ್ ಬರೆದು ಪರ್ಸಿನಲ್ಲಿಡಿ. ಅದರ ಕೆಳಗೆ ಎರಡು ಸಾಲು ಸೇರಿಸಿ. ಒಂದು: ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಇಂಜೆಕ್ಷನ್ ಕೊಡಬೇಡಿ, ಬೈಪಾಸ್ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಇನ್ನೊಂದು: ವಾಂತಿ ಎರಡು ಮೂರು ದಿನ ನಿಲ್ಲದೆ ಬಂದಿದ್ದರೆ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಮಿನ್, ಅಂದರೆ ಬಿ1 ಇಂಜೆಕ್ಷನ್ ಕೊಡಿ. ಬಿ1 ಬರಿದಾದ ದೇಹಕ್ಕೆ ಗ್ಲೂಕೋಸ್ ಮಾತ್ರ ಹೋದರೆ ಮಿದುಳಿಗೆ ಪೆಟ್ಟು ಬಿದ್ದು ದೃಷ್ಟಿ, ನಡಿಗೆ, ನೆನಪು ಕೆಡಬಹುದು; ತಡವಾದರೆ ಅದು ಪೂರ್ತಿ ಸರಿಯಾಗುವುದಿಲ್ಲ. ಕಣ್ಣು ಎರಡೆರಡಾಗಿ ಕಂಡರೆ, ನಡೆಯುವಾಗ ಓಲಾಡಿದರೆ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿ, ಆ ರಟ್ಟನ್ನು ಮೊದಲು ಕಾಣುವ ಡಾಕ್ಟರ ಕೈಗೇ ಕೊಡಿ.